ಹಳೇ ವಿಮಾನ ಸಾಹಸ ಸಿನಿಮಾಗಳ ಸಂಗ್ರಹ: ಹೆಸರು ನೋಡಿ ಕೊಳ್ಳಬೇಡಿ, ಪ್ರತಿ ನೋಡಿ ಕೊಳ್ಳಿ

ಹಳೇ ವಿಮಾನ ಸಿನಿಮಾಗಳ ಬಗ್ಗೆ ಏನೇ ಬರೆದರೂ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ: "ನಾನೂ ಕೂಡಿಡಬೇಕು ಅಂತಿದ್ದೀನಿ, ಎಲ್ಲಿಂದ ಶುರು ಮಾಡಲಿ?" ಅದರ ಬೆನ್ನಿಗೇ ಇನ್ನೊಂದು: "ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತಲ್ಲ, ದುಡ್ಡು ಯಾಕೆ ಹಾಕಬೇಕು?" ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ದಾರಿ ಕಾಣುತ್ತದೆ. ಈ ಸಿನಿಮಾಗಳು ಒಂದೇ ಹೆಸರಿನಲ್ಲಿ ಹಲವು ರೂಪಗಳಲ್ಲಿ ಓಡಾಡುತ್ತಿವೆ. ಒಂದು ಪ್ರತಿಯಲ್ಲಿ ಬಣ್ಣ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ಆಕಾಶ ಪೂರ್ತಿ ಕಾಣುತ್ತದೆ, ಇನ್ನೊಂದರಲ್ಲಿ ಎರಡೂ ಬದಿ ಕತ್ತರಿಸಿ ಹೋಗಿರುತ್ತದೆ. ಸಂಗ್ರಹ ಅಂದರೆ ಸರಿಯಾದ ಪ್ರತಿಯನ್ನು ಹುಡುಕಿ ಇಟ್ಟುಕೊಳ್ಳುವ ಕೆಲಸ.

ಶುರು ಮಾಡಲು ಸಾಮಾನು ಜಾಸ್ತಿ ಬೇಡ. ಎಲ್ಲ ದೇಶಗಳ ಡಿಸ್ಕ್ ಓಡಿಸುವ ಒಂದು ಪ್ಲೇಯರ್, ಒಳ್ಳೇ ಭೂತಗನ್ನಡಿ, ಅಳತೆ ಟೇಪು, ಒಂದು ನೋಟ್‌ಬುಕ್, ತೇವ ಹತ್ತದ ಒಂದು ಬೀರು. ಪ್ರೊಜೆಕ್ಟರ್ ಆಮೇಲೆ ನೋಡೋಣ.

1. ಏನು ಕೂಡಿಡುತ್ತೀರಿ ಅಂತ ಮೊದಲು ತೀರ್ಮಾನಿಸಿ

ಈ ಸಿನಿಮಾಗಳ ಸೆಳೆತ ಇರುವುದು ಕತೆಯಲ್ಲಲ್ಲ. ಕತೆ ಬಹಳ ಸಲ ಸಾಧಾರಣ: ಇಬ್ಬರು ಗೆಳೆಯರು, ಒಬ್ಬಳು ಹುಡುಗಿ, ಕೊನೆಗೊಂದು ಸಾವು. ನೋಡಬೇಕಾದ್ದು ಆಕಾಶದಲ್ಲಿ ನಡೆದದ್ದನ್ನು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ವಿಮಾನ ತೋರಿಸಲು ಇದ್ದದ್ದು ಎರಡೇ ದಾರಿ. ಪುಟ್ಟ ಮಾದರಿಯನ್ನು ತಂತಿಗೆ ಕಟ್ಟಿ ತೋರಿಸಬೇಕು, ಇಲ್ಲವೇ ನಿಜವಾಗಿ ಹಾರಬೇಕು. ಹಾರಿದವರ ಕೆಲಸ ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

1927ರ 'ವಿಂಗ್ಸ್' ನೋಡಿ. ಮೊದಲ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿ ಪಡೆದದ್ದು ಇದೇ. ನಿರ್ದೇಶಕ ವಿಲಿಯಂ ವೆಲ್‌ಮನ್ ಮೊದಲ ಮಹಾಯುದ್ಧದಲ್ಲಿ ಸ್ವತಃ ಯುದ್ಧವಿಮಾನ ಹಾರಿಸಿದವರು. ನಟರನ್ನು ನಿಜವಾಗಿ ಮೇಲಕ್ಕೆ ಕಳಿಸಿ, ಅವರ ಮುಖಕ್ಕೆ ಎದುರಾಗಿ ವಿಮಾನಕ್ಕೇ ಬಿಗಿದ ಕ್ಯಾಮೆರಾವನ್ನು ಅವರ ಕೈಯಿಂದಲೇ ಚಾಲೂ ಮಾಡಿಸಿದರು. ಡಿಕ್ ಗ್ರೇಸ್ ಎಂಬ ಸಾಹಸಿ ಬೇಕಂತಲೇ ವಿಮಾನ ಬೀಳಿಸುವ ದೃಶ್ಯದಲ್ಲಿ ಕತ್ತಿನ ಮೂಳೆ ಮುರಿದುಕೊಂಡ. ಇನ್ನೊಂದು ಕಡೆ ವೆಲ್‌ಮನ್ ಮೋಡಕ್ಕಾಗಿ ಕಾಯುತ್ತಾ ಕೂತಿದ್ದರು, ಸ್ಟುಡಿಯೋದವರು ಖರ್ಚು ನೋಡಿ ಸಿಡಿಮಿಡಿ ಅನ್ನುತ್ತಿದ್ದರು. ಬರಿಯ ನೀಲಿ ಆಕಾಶದಲ್ಲಿ ವಿಮಾನದ ವೇಗವೇ ತಿಳಿಯುವುದಿಲ್ಲ, ಗೋಡೆ ಮೇಲಿನ ನೊಣದ ಹಾಗೆ ಕಾಣುತ್ತದೆ. ಹಿಂದೆ ಮೋಡ ಸರಿದಾಗಲೇ ವೇಗ ಗೊತ್ತಾಗುವುದು. ಹಳೇ ವಿಮಾನ ಸಿನಿಮಾ ನೋಡುವಾಗ ಮೊದಲು ಮೋಡ ನೋಡಿ. ಮೋಡ ನಿಜವಾದರೆ ವಿಮಾನವೂ ಬಹುಪಾಲು ನಿಜವೇ.

ಇನ್ನೊಂದು ಉದಾಹರಣೆ 1966ರ 'ದಿ ಬ್ಲೂ ಮ್ಯಾಕ್ಸ್'. ಐರ್ಲೆಂಡ್‌ನ ಒಂದು ರೈಲು ಸೇತುವೆಯ ಕಮಾನಿನಡಿ ವಿಮಾನ ನುಗ್ಗುವ ದೃಶ್ಯವಿದೆ. ಹಾರಿಸಿದವರು ಡೆರೆಕ್ ಪಿಗಟ್. ಇದು ಟ್ರಿಕ್ ಅಲ್ಲ ಅಂತ ನೋಡುವವರಿಗೆ ಗೊತ್ತಾಗಲಿ, ವಿಮಾನ ಬಂದಾಗ ಬೆದರಿ ಓಡಲಿ ಅಂತ ಹತ್ತಿರದಲ್ಲಿ ಕುರಿಮಂದೆ ಬಿಟ್ಟಿದ್ದರು. ಪಿಗಟ್ ಮತ್ತೆ ಮತ್ತೆ ನುಗ್ಗಿದ್ದರಿಂದ ಕುರಿಗಳಿಗೆ ಅದು ಅಭ್ಯಾಸವಾಗಿ, ತಲೆ ಎತ್ತದೆ ಮೇಯುತ್ತಾ ನಿಂತುಬಿಟ್ಟವಂತೆ. ಆ ದೃಶ್ಯ ಬಂದಾಗ ಒಮ್ಮೆ ನಿಲ್ಲಿಸಿ ಕುರಿಗಳನ್ನು ನೋಡಿ.

ಎಲ್ಲವನ್ನೂ ಕೂಡಿಡಲು ಹೋದರೆ ಬೀರುವೂ ಸಾಲದು, ಜೇಬೂ ಸಾಲದು. ಒಂದು ಗುಂಪು ಹಿಡಿಯಿರಿ. ಮೊದಲ ಮಹಾಯುದ್ಧದ ಎರಡು ರೆಕ್ಕೆಯ ವಿಮಾನಗಳು ಒಂದು ಗುಂಪು. ಟಪಾಲು ಹೊತ್ತು ಬೆಟ್ಟ ದಾಟುವ ಪೈಲಟ್‌ಗಳದ್ದು ಇನ್ನೊಂದು. 1939ರ 'ಓನ್ಲಿ ಏಂಜೆಲ್ಸ್ ಹ್ಯಾವ್ ವಿಂಗ್ಸ್' ಇದರಲ್ಲಿ ನನಗೆ ತೀರಾ ಇಷ್ಟ, ಮಾದರಿ ವಿಮಾನಗಳು ಎದ್ದು ಕಂಡರೂ ಸರಿಯೇ. ಮೂರನೆಯದು 1960ರ ದಶಕದಲ್ಲಿ ಹಳೇ ವಿಮಾನಗಳನ್ನು ಹೊಸದಾಗಿ ಕಟ್ಟಿ ಹಾರಿಸಿದ ದೊಡ್ಡ ಬಜೆಟ್ಟಿನ ಚಿತ್ರಗಳು. 1965ರ 'ದೋಸ್ ಮ್ಯಾಗ್ನಿಫಿಸೆಂಟ್ ಮೆನ್ ಇನ್ ದೇರ್ ಫ್ಲೈಯಿಂಗ್ ಮೆಷೀನ್ಸ್' ಚಿತ್ರಕ್ಕೆ ಕಟ್ಟಿದ ಬಾಕ್ಸ್‌ಕೈಟ್ ಮತ್ತು ಅವ್ರೋ ಟ್ರೈಪ್ಲೇನ್ ಎಂಬ ವಿಮಾನಗಳು ಇಂಗ್ಲೆಂಡಿನ ಶಟಲ್‌ವರ್ತ್ ಎಂಬ ಹಳೇ ವಿಮಾನಗಳ ಸಂಗ್ರಹಕ್ಕೆ ಸೇರಿದವು. ಆ ಕಡೆ ನೆಂಟರಿದ್ದು ಹೋದರೆ ಆ ಸಂಗ್ರಹ ಇರುವ ಓಲ್ಡ್ ವಾರ್ಡನ್ ಊರಿಗೆ ಒಮ್ಮೆ ಹೋಗಿಬನ್ನಿ.

2. ಪ್ರತಿಗಳ ವ್ಯತ್ಯಾಸ ಕಲಿಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಜನ ಅವಸರದಲ್ಲಿ ದಾಟಿಬಿಡುವುದೂ ಇದನ್ನೇ.

ಮೊದಲ ಬಲೆ ಹೆಸರಿನದ್ದು. 'ದಿ ಡಾನ್ ಪ್ಯಾಟ್ರೋಲ್' ಎರಡಿವೆ. 1930ರದ್ದು ಹೊವಾರ್ಡ್ ಹಾಕ್ಸ್ ನಿರ್ದೇಶನದ್ದು. 1938ರದ್ದು ಎಡ್ಮಂಡ್ ಗೌಲ್ಡಿಂಗ್ ನಿರ್ದೇಶನದ್ದು, ಎರಲ್ ಫ್ಲಿನ್ ಮತ್ತು ಡೇವಿಡ್ ನಿವೆನ್ ಇರುವುದು. ಎರಡನೆಯದರ ಹಾರಾಟದ ದೃಶ್ಯಗಳಲ್ಲಿ ಬಹಳಷ್ಟನ್ನು ಮೊದಲನೆಯದರಿಂದಲೇ ತೆಗೆದು ಹಾಕಿದ್ದಾರೆ. ಗೊಂದಲ ಬೇಡ ಅಂತ 1930ರ ಚಿತ್ರಕ್ಕೆ ಟಿವಿಯಲ್ಲಿ 'ಫ್ಲೈಟ್ ಕಮಾಂಡರ್' ಎಂದು ಹೆಸರಿಟ್ಟರು, ಗೊಂದಲ ಇನ್ನೂ ಜಾಸ್ತಿಯಾಯಿತು ಅಷ್ಟೇ. ಹೀಗಾಗಿ ಹೆಸರಿನ ಜೊತೆ ವರ್ಷ, ನಿರ್ದೇಶಕ, ಒಬ್ಬ ನಟ, ಈ ಮೂರನ್ನೂ ನೋಡದೆ ದುಡ್ಡು ಕೊಡಬೇಡಿ. 1965ರ 'ದಿ ಫ್ಲೈಟ್ ಆಫ್ ದಿ ಫೀನಿಕ್ಸ್' ಹುಡುಕಿದರೂ ಇದೇ ಪಾಡು. 2004ರ ಮರುಚಿತ್ರವೇ ಮೊದಲು ಕಣ್ಣಿಗೆ ಬೀಳುತ್ತದೆ.

ಎರಡನೆಯದು ಬಣ್ಣದ ವಿಷಯ. 'ಕಪ್ಪು ಬಿಳುಪು' ಅಂತ ನಾವು ಅಂದುಕೊಂಡ ಎಷ್ಟೋ ಚಿತ್ರಗಳಲ್ಲಿ ಬಣ್ಣ ಇತ್ತು. ಹೊವಾರ್ಡ್ ಹ್ಯೂಸ್ ಅವರ 1930ರ 'ಹೆಲ್ಸ್ ಏಂಜೆಲ್ಸ್' ಚಿತ್ರದಲ್ಲಿ ಒಂದು ಔತಣಕೂಟದ ಭಾಗ ಎರಡು ಬಣ್ಣದ ಪದ್ಧತಿಯಲ್ಲಿದೆ, ಸುಮಾರು 8 ನಿಮಿಷ. ನಟಿ ಜೀನ್ ಹಾರ್ಲೊ ಬಣ್ಣದಲ್ಲಿ ಕಾಣುವುದು ಅಲ್ಲಿ ಮಾತ್ರ. ಕೆಲವು ದೃಶ್ಯಗಳಿಗೆ ಇಡಿಯಾಗಿ ಒಂದೇ ಬಣ್ಣ ಹಚ್ಚಿದ್ದರು, ರಾತ್ರಿಗೆ ನೀಲಿ ಹೀಗೆ. ಇದಕ್ಕೆ ಟಿಂಟಿಂಗ್ ಅನ್ನುತ್ತಾರೆ. ಹಳೇ ಟಿವಿ ಪ್ರತಿಯಿಂದ ಇಳಿಸಿಕೊಂಡ ಡಿಸ್ಕ್‌ಗಳಲ್ಲಿ ಇದ್ಯಾವುದೂ ಇರುವುದಿಲ್ಲ. 'ವಿಂಗ್ಸ್'ನಲ್ಲೂ ಬೆಂಕಿ ಮತ್ತು ಗುಂಡಿನ ಕಿಡಿಗೆ ಮಾತ್ರ ಕಿತ್ತಳೆ ಬಣ್ಣ ಕೂರಿಸಿದ್ದರು. ಫ್ರೇಮಿನ ಬೇಕಾದ ಜಾಗಕ್ಕಷ್ಟೇ ಬಣ್ಣ ಹಾಕುವ ಈ ವಿಧಾನದ ಹೆಸರು ಹ್ಯಾಂಡ್‌ಶೀಗಲ್. 2012ರಲ್ಲಿ ಚಿತ್ರ ತಯಾರಿಸಿದ ಪ್ಯಾರಾಮೌಂಟ್ ಸ್ಟುಡಿಯೋ ನೂರು ವರ್ಷ ತುಂಬಿದ ಹೊತ್ತಿನಲ್ಲಿ ದುರಸ್ತಿ ಮಾಡಿ ಬಿಟ್ಟ ಬ್ಲೂ-ರೇಯಲ್ಲಿ ಆ ಬಣ್ಣ ಮರಳಿ ಬಂದಿದೆ. ಬೂದು ಆಕಾಶದಲ್ಲಿ ವಿಮಾನವೊಂದು ಕಿತ್ತಳೆ ಬೆಂಕಿ ಕಾರುತ್ತಾ ಕೆಳಗಿಳಿಯುವುದನ್ನು ಒಮ್ಮೆ ನೋಡಿದವರಿಗೆ ಪುಕ್ಕಟೆ ಪ್ರತಿ ಸಪ್ಪೆ ಅನ್ನಿಸುತ್ತದೆ.

ಮೂರನೆಯದು ಚಿತ್ರದ ಅಗಲ. 'ದಿ ಬ್ಲೂ ಮ್ಯಾಕ್ಸ್' ಸಿನಿಮಾಸ್ಕೋಪ್ ಚಿತ್ರ. ಹಳೇ ವಿಎಚ್‌ಎಸ್ ಮತ್ತು ಟಿವಿ ಪ್ರತಿಗಳಲ್ಲಿ ಚೌಕಾಕಾರದ ಟಿವಿಗೆ ಹೊಂದಿಸಲು ಬದಿಗಳನ್ನು ಕತ್ತರಿಸಿದ್ದಾರೆ. ಇದಕ್ಕೆ ಪ್ಯಾನ್ ಆಂಡ್ ಸ್ಕ್ಯಾನ್ ಅಂತ ಹೆಸರು. ಬೆನ್ನಟ್ಟುವ ವಿಮಾನ ಒಂದು ತುದಿ, ಓಡುವ ವಿಮಾನ ಇನ್ನೊಂದು ತುದಿ ಇರುವಾಗ ಕತ್ತರಿ ಆಡಿದರೆ ಏನು ಉಳಿಯುತ್ತದೆ ಹೇಳಿ? ಡಿಸ್ಕ್ ಹಿಂಬದಿಯಲ್ಲಿ 'ವೈಡ್‌ಸ್ಕ್ರೀನ್', '2.35:1' ಎಂದು ಬರೆದಿದೆಯೇ ನೋಡಿ. ಹಾಗಂತ 1930ರ ದಶಕದ ಚಿತ್ರಕ್ಕೆ ಅಗಲ ಪರದೆ ಕೇಳಬೇಡಿ. ಅವು ಹುಟ್ಟಿದ್ದೇ ಚೌಕಾಕಾರದಲ್ಲಿ. ಅಂಥ ಚಿತ್ರ ನಿಮ್ಮ ಟಿವಿ ತುಂಬಾ ಕಾಣುತ್ತಿದೆ ಅಂದರೆ ಯಾರೋ ತಲೆ ಅಥವಾ ಕಾಲು ಕತ್ತರಿಸಿದ್ದಾರೆ, ಇಲ್ಲವೇ ಅಡ್ಡಕ್ಕೆ ಎಳೆದಿದ್ದಾರೆ.

ನಾಲ್ಕನೆಯದು ಶಬ್ದ. 1969ರ 'ಬ್ಯಾಟಲ್ ಆಫ್ ಬ್ರಿಟನ್'ಗೆ ವಿಲಿಯಂ ವಾಲ್ಟನ್ ಸಂಗೀತ ಬರೆದಿದ್ದರು. ಅದರ ಬಹುಭಾಗ ಕೈಬಿಟ್ಟು ರಾನ್ ಗುಡ್‌ವಿನ್ ಅವರಿಂದ ಬೇರೆ ಮಾಡಿಸಿದರು. ಕೆಲವು ಡಿವಿಡಿಗಳಲ್ಲಿ ವಾಲ್ಟನ್ ಸಂಗೀತವನ್ನೂ ಆರಿಸಿಕೊಂಡು ಕೇಳಬಹುದು. ಹಾಗಾಗಿ ಒಂದೇ ಚಿತ್ರದ ಎರಡು ಡಿಸ್ಕ್ ಇಟ್ಟುಕೊಂಡವರನ್ನು ಕಂಡು ನಗಬೇಡಿ.

ಇನ್ನು ಕೆಲವು ಚಿತ್ರಗಳು ಸಿಗುತ್ತಲೇ ಇರಲಿಲ್ಲ. 1933ರ 'ನೈಟ್ ಫ್ಲೈಟ್' ಪೈಲಟ್ ಲೇಖಕ ಸೇಂಟ್-ಎಕ್ಸುಪೆರಿ ಅವರ ಕಾದಂಬರಿ ಆಧರಿಸಿದ್ದು. ಕತೆಯ ಹಕ್ಕಿನ ಅವಧಿ ಮುಗಿದು 1942ರಲ್ಲಿ ಪ್ರದರ್ಶನದಿಂದ ಹಿಂದಕ್ಕೆ ಹೋದದ್ದು, ಡಿವಿಡಿಯಾಗಿ ಹೊರಬಂದದ್ದು 2011ರಲ್ಲಿ. 'ದಿ ಹೈ ಆಂಡ್ ದಿ ಮೈಟಿ' ಕೂಡ ಹಾಗೇ ದಶಕಗಳ ಕಾಲ ಕಾಣೆಯಾಗಿದ್ದು 2005ರಲ್ಲಿ ಡಿವಿಡಿಯಾಗಿ ಬಂತು. 'ಅಪರೂಪ, ಎಲ್ಲೂ ಸಿಗಲ್ಲ' ಎಂದು ಯಾರಾದರೂ ಬೆಲೆ ಏರಿಸಿದರೆ, ಅದು ಈಗಲೂ ನಿಜವೇ ಅಂತ ಒಮ್ಮೆ ಪರೀಕ್ಷಿಸಿ. ಹಳೇ ಕಾಲದ ಅಪರೂಪವನ್ನೇ ಇವತ್ತಿಗೂ ಮಾರುವವರು ಇದ್ದಾರೆ.

ಟಾಕೀಸಿನಲ್ಲಿ ಕಂತು ಕಂತಾಗಿ ತೋರಿಸುತ್ತಿದ್ದ ಧಾರಾವಾಹಿಗಳ ಬಗ್ಗೆ ಒಂದೇ ಮಾತು: ಅಧ್ಯಾಯ ಎಣಿಸಿ. 1934ರ 'ಟೇಲ್‌ಸ್ಪಿನ್ ಟಾಮಿ' 12 ಅಧ್ಯಾಯಗಳದ್ದು. ಒಂದೂವರೆ ಗಂಟೆಗೆ ಮುಗಿದರೆ ಅದು ಕತ್ತರಿಸಿ ಹೊಲಿದ ಪ್ರತಿ.

3. ಡಿಸ್ಕ್ ಮತ್ತು ಪ್ಲೇಯರ್ ಹೊಂದಿಸಿಕೊಳ್ಳಿ

ಡಿಸ್ಕ್‌ಗಳಿಗೆ ರೀಜನ್ ಕೋಡ್ ಇರುತ್ತದೆ. ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಬೀಗ ಅದು. ಡಿವಿಡಿಯಲ್ಲಿ ಅಮೆರಿಕ 1, ಯೂರೋಪ್ 2, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ ಎ, ಯೂರೋಪ್ ಬಿ, ಭಾರತ ಸಿ. ಈ ಬಗೆಯ ಚಿತ್ರಗಳು ಹೆಚ್ಚಾಗಿ ಅಮೆರಿಕ, ಬ್ರಿಟನ್‌ಗಳಿಂದಲೇ ಬರುವುದರಿಂದ ಇಲ್ಲಿ ಕೊಂಡ ಮಾಮೂಲಿ ಪ್ಲೇಯರ್ ಕೈಕೊಡುತ್ತದೆ. 4ಕೆ ಡಿಸ್ಕ್‌ಗಳಿಗೆ ಈ ಬೀಗ ಇಲ್ಲ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ಮಗಳು, ಅಳಿಯ ಡಿಸ್ಕ್ ತಂದುಕೊಡುತ್ತೇನೆ ಅಂದರೆ ಮೊದಲು ಪೆಟ್ಟಿಗೆ ಹಿಂಬದಿಯ ಫೋಟೋ ಕಳಿಸಲು ಹೇಳಿ.

ಅವಧಿ ನೋಡಿ ಗಾಬರಿಯಾಗಬೇಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಪಾಲ್ ಎಂಬ ಟಿವಿ ಪದ್ಧತಿಯ ಯೂರೋಪಿನ ಡಿವಿಡಿ 25. ಹಾಗಾಗಿ 100 ನಿಮಿಷದ ಚಿತ್ರ ಅಲ್ಲಿ 96 ನಿಮಿಷಕ್ಕೆ ಮುಗಿಯುತ್ತದೆ. ಏನೂ ಕತ್ತರಿಸಿಲ್ಲ. ಆದರೆ 20 ನಿಮಿಷ ಕಡಿಮೆ ಇದ್ದರೆ ಕತ್ತರಿಸಿದ್ದಾರೆ ಅಂತಲೇ ಲೆಕ್ಕ.

ಡಿಸ್ಕ್ ತಿರುಗಿಸಿ ನೋಡಿ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು ಬೆಳ್ಳಿ ಬಣ್ಣ. ನೇರಳೆ ಛಾಯೆ ಇದ್ದರೆ ಬರೆದ ಡಿಸ್ಕ್, ಅಂದರೆ ಡಿವಿಡಿ-ಆರ್. ಬರೆದದ್ದೆಲ್ಲ ಕಳ್ಳಮಾಲಲ್ಲ. ವಾರ್ನರ್ ಸ್ಟುಡಿಯೋದ ಹಳೇ ಚಿತ್ರಗಳನ್ನು ಹೊರತರುವ ವಾರ್ನರ್ ಆರ್ಕೈವ್ 2009ರಿಂದ ಬೇಡಿಕೆ ಬಂದಾಗ ಮಾತ್ರ ಡಿಸ್ಕ್ ಬರೆದು ಕೊಡುವ ಪದ್ಧತಿ ಶುರು ಮಾಡಿತು, ಹಳೇ ವಿಮಾನ ಚಿತ್ರಗಳು ಹಲವು ಹಾಗೇ ಬಂದವು. ಆದರೆ ಬರೆದ ಡಿಸ್ಕ್‌ನ ಬಾಳಿಕೆ ಕಡಿಮೆ. ಬಂದ ದಿನವೇ ಕೊನೆಯವರೆಗೆ ಓಡಿಸಿ ನೋಡಿ.

4. ರೀಲು ಬೇಕೇ? ಮೂಗಿಗೆ ಕೆಲಸ ಕೊಡಿ

ನಿಜವಾದ ಫಿಲಂ ಪ್ರಿಂಟ್ ಕೂಡಿಡುವುದು ಬೇರೆಯದೇ ಹುಚ್ಚು. ಮನೆಗೆ ಹೊಂದುವುದು 16 ಎಂಎಂ ಮತ್ತು ಸೂಪರ್ 8. 16 ಎಂಎಂನ 1,600 ಅಡಿ ರೀಲು ಸುಮಾರು 44 ನಿಮಿಷ ಓಡುತ್ತದೆ, ಎರಡು ಗಂಟೆಯ ಚಿತ್ರಕ್ಕೆ ಮೂರು ರೀಲು. ಸೂಪರ್ 8ರಲ್ಲಿ ಸಿಗುವುದು ಹೆಚ್ಚಾಗಿ ತುಣುಕು ಪ್ರತಿ. 200 ಅಡಿಯ ರೀಲಿನಲ್ಲಿ ಸುಮಾರು 10 ನಿಮಿಷದ ಚಿತ್ರ. 'ಪೂರ್ತಿ ಸಿನಿಮಾ' ಅಂತ ನಂಬಿ ಕೊಳ್ಳಬೇಡಿ.

ಡಬ್ಬಿ ತೆರೆದ ಕೂಡಲೇ ಮೂಸಿ ನೋಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲಂ ಕೊಳೆಯಲು ಶುರುವಾಗಿದೆ. ಇದಕ್ಕೆ ವಾಸಿ ಇಲ್ಲ. ಅದರ ಆವಿ ಪಕ್ಕದ ರೀಲುಗಳನ್ನೂ ಕೆಡಿಸುತ್ತದೆ. ಎಷ್ಟೇ ಆಸೆಯಾದರೂ ಉಳಿದವುಗಳ ಜೊತೆ ಇಡಬೇಡಿ.

ಬಣ್ಣದ ಪ್ರಿಂಟ್ ಆದರೆ ಒಂದಿಷ್ಟು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಆಕಾಶ ಗುಲಾಬಿಯಾಗಿದೆಯೇ? 1980ರ ದಶಕಕ್ಕೆ ಮುಂಚಿನ ಈಸ್ಟ್‌ಮನ್ ಕಲರ್ ಪ್ರಿಂಟ್‌ಗಳ ಹಣೆಬರಹ ಇದು. ನೀಲಿ, ಹಸಿರು ಮಾಸಿ ಕೆಂಪು ಮಾತ್ರ ಉಳಿಯುತ್ತದೆ. ಮಾರುವವರು 'ಐಬಿ ಟೆಕ್' ಅಂದರೆ ಟೆಕ್ನಿಕಲರ್‌ನ ಬಣ್ಣ ಒತ್ತುವ ಹಳೇ ವಿಧಾನದ ಪ್ರಿಂಟ್ ಅಂತ ಅರ್ಥ. ಅದು ಮಾಸುವುದಿಲ್ಲ, ಬೆಲೆಯೂ ಹಾಗೇ ಇರುತ್ತದೆ. ವಿಮಾನ ಸಿನಿಮಾದಲ್ಲಿ ನೀಲಿ ಹೋದರೆ ಏನು ಉಳಿಯಿತು ಅಲ್ವಾ?

ಎಚ್ಚರಿಕೆ: 35 ಎಂಎಂ ಹಳೇ ಫಿಲಂ ಕೈಗೆ ಸಿಕ್ಕರೆ ಅಂಚಿನಲ್ಲಿ 'ಸೇಫ್ಟಿ' ಎಂಬ ಅಕ್ಷರ ಹುಡುಕಿ. ಅದು ಕಾಣದೆ, ಫಿಲಂ 1950ರ ದಶಕದ ಆರಂಭಕ್ಕಿಂತ ಹಳೆಯದಾಗಿದ್ದರೆ ಸುಲಭವಾಗಿ ಬೆಂಕಿ ಹಿಡಿಯುವ ನೈಟ್ರೇಟ್ ಫಿಲಂ ಇರಬಹುದು. ಒಮ್ಮೆ ಹತ್ತಿಕೊಂಡರೆ ನೀರು ಹಾಕಿದರೂ ಆರದ ಬೆಂಕಿ ಅದು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲಂಗಳು 2003ರಲ್ಲಿ ಬೆಂಕಿಗೆ ಆಹುತಿಯಾದವು. ಅಂಥದ್ದನ್ನು ಮನೆಯಲ್ಲಿ ಇಡಬೇಡಿ, ಪೋಸ್ಟಿನಲ್ಲಿ ಕಳಿಸಬೇಡಿ. ಪರೀಕ್ಷೆಗೆ ಅಂತ ತುಂಡು ಸುಟ್ಟು ನೋಡುವುದಂತೂ ಬೇಡವೇ ಬೇಡ. ಸಂಗ್ರಹಾಲಯದವರನ್ನು ಕೇಳಿ.

5. ಪೋಸ್ಟರ್, ಲಾಬಿ ಕಾರ್ಡ್

ರೀಲಿನ ಗೋಜು ಬೇಡ ಅನ್ನುವವರಿಗೆ ಕಾಗದ ಚೆನ್ನ. ಅಮೆರಿಕದ ಒನ್-ಶೀಟ್ ಪೋಸ್ಟರ್ 27x41 ಇಂಚು. ಬ್ರಿಟನ್‌ನ ಕ್ವಾಡ್ ಅಡ್ಡಕ್ಕೆ 40, ಎತ್ತರ 30. ಟಾಕೀಸಿನ ಒಳಗೆ ಹಾಕುತ್ತಿದ್ದ ಲಾಬಿ ಕಾರ್ಡ್ 11x14, ಮಾಮೂಲಾಗಿ ಎಂಟರ ಸೆಟ್. ಟೇಪು ಹಿಡಿದು ಅಳೆಯಿರಿ. ಹಳೇ ಒನ್-ಶೀಟ್ ಅಂತ ಹೇಳಿ 24x36 ಕೊಟ್ಟರೆ ಅದು ಅಂಗಡಿಯಲ್ಲಿ ಮಾರುವ ಮರುಮುದ್ರಣ.

ಆಗಿನ ಪೋಸ್ಟರ್‌ಗಳನ್ನು ಮಡಚಿಯೇ ಕಳಿಸುತ್ತಿದ್ದರು. ಮಡಿಕೆ ಗುರುತು ಕುಂದಲ್ಲ. ಆದರೆ ಅದರ ಮೇಲೆ ಬೆರಳು ಆಡಿಸಿ. ನಿಜವಾದ ಮಡಿಕೆ ಕೈಗೆ ಸಿಗುತ್ತದೆ. ನಕಲಿಯಲ್ಲಿ ಮಡಿಕೆ, ಪಿನ್ನಿನ ತೂತು, ಹರಿದ ಅಂಚು ಎಲ್ಲವೂ ಮುದ್ರಣವಾಗಿರುತ್ತವೆ, ಕಾಗದ ಮಾತ್ರ ನುಣುಪು. ಆಮೇಲೆ ಭೂತಗನ್ನಡಿ ಹಿಡಿದು ಸಣ್ಣ ಅಕ್ಷರ ನೋಡಿ. ಮೂಲದಲ್ಲಿ ಅಕ್ಷರದ ಅಂಚು ಚೊಕ್ಕ. ಪೋಸ್ಟರ್‌ನ ಫೋಟೋ ತೆಗೆದು ಮುದ್ರಿಸಿದ್ದರಲ್ಲಿ ಅಕ್ಷರವೂ ಚುಕ್ಕಿ ಚುಕ್ಕಿಯಾಗಿ ಒಡೆದಿರುತ್ತದೆ.

1940ರಿಂದ 1980ರ ದಶಕದವರೆಗಿನ ಅಮೆರಿಕನ್ ಪೋಸ್ಟರ್‌ಗಳ ಕೆಳ ಅಂಚಿನಲ್ಲಿ ಸಾಮಾನ್ಯವಾಗಿ '57/123' ಥರದ ಸಂಖ್ಯೆ ಇರುತ್ತದೆ. ಮೊದಲ ಭಾಗ ವರ್ಷ. ವರ್ಷಕ್ಕಿಂತ ಮೊದಲು 'ಆರ್' ಅಕ್ಷರ ಇದ್ದರೆ ಮರುಬಿಡುಗಡೆಯ ಪೋಸ್ಟರ್. ಅದೂ ಹಳೆಯದೇ, ಕೊಳ್ಳಬಾರದು ಅಂತೇನಿಲ್ಲ. ಮೊದಲ ಬಿಡುಗಡೆಯ ಬೆಲೆ ಕೊಡಬೇಡಿ ಅಷ್ಟೇ.

ನಮ್ಮಲ್ಲಿ ಕಾಗದ ಹಾಳಾಗುವುದು ಹೆಚ್ಚಾಗಿ ಪ್ರೀತಿಯಿಂದಲೇ. ಲ್ಯಾಮಿನೇಷನ್ ಮಾಡಿಸಬೇಡಿ. ಫ್ರೇಮ್ ಅಂಗಡಿಯವರು ಹಾರ್ಡ್‌ಬೋರ್ಡಿಗೆ ಅಂಟು ಬಳಿದು ಕೂರಿಸಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ಸೆಲೋ ಟೇಪು ಮುಟ್ಟಲೇಬೇಡಿ.

6. ಎಲ್ಲಿ, ಹೇಗೆ ಕೊಳ್ಳುವುದು

ಬೆಂಗಳೂರಿನಲ್ಲಿ ಪ್ಲಾಜಾ, ರೆಕ್ಸ್, ಲಿಡೊ, ಬಿಆರ್‌ವಿಯಂಥ ಟಾಕೀಸುಗಳು ಇಂಗ್ಲಿಷ್ ಸಿನಿಮಾಕ್ಕೇ ಹೆಸರಾಗಿದ್ದವು. ಆ ಕಾಲದ ಕರಪತ್ರ, ಸಿನಿಮಾ ಪತ್ರಿಕೆ ಹಳೇ ಮನೆಗಳ ಅಟ್ಟದಲ್ಲಿ, ರದ್ದಿ ಅಂಗಡಿಯಲ್ಲಿ, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಇದ್ದರೂ ಇರಬಹುದು. ಪೋಸ್ಟರ್‌ಗೆ ಮುಂಬೈನ ಚೋರ್ ಬಜಾರ್ ಪ್ರಸಿದ್ಧ. ಅಲ್ಲಿ ಮರುಮುದ್ರಣವೂ ಧಾರಾಳ, ಭೂತಗನ್ನಡಿ ಜೇಬಿನಲ್ಲಿರಲಿ.

ಆನ್‌ಲೈನ್ ಮಾರುವವರಿಗೆ ಕೇಳಬೇಕಾದ್ದು ಇಷ್ಟು: ಯಾವ ವರ್ಷದ್ದು, ಯಾರು ಹೊರತಂದದ್ದು, ಅವಧಿ ಎಷ್ಟು, ಡಿಸ್ಕ್‌ನ ಎರಡೂ ಮುಖದ ಫೋಟೋ. ರೀಲಾದರೆ ವಾಸನೆ ಇದೆಯಾ, ಬಣ್ಣ ಹೇಗಿದೆ, ಎಷ್ಟು ಅಡಿ. ಈ ಪ್ರಶ್ನೆಗಳಿಗೆ 'ಸೂಪರ್ ಕಂಡೀಷನ್ ಸಾರ್' ಅನ್ನುವುದೇ ಉತ್ತರವಾದರೆ ಸುಮ್ನೆ ಮುಂದಕ್ಕೆ ಹೋಗಿ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಮತ್ತು ಕೊರಿಯರ್‌ನವರ ಶುಲ್ಕ ಸೇರಿಸಿ ಲೆಕ್ಕ ಹಾಕಿ. ಅಗ್ಗ ಅಂದುಕೊಂಡದ್ದು ಬಾಗಿಲಿಗೆ ಬರುವಾಗ ಅಗ್ಗ ಇರುವುದಿಲ್ಲ.

ಹಕ್ಕಿನ ಮಾತೂ ಬರುತ್ತದೆ. ಅಮೆರಿಕದಲ್ಲಿ 'ವಿಂಗ್ಸ್' 2023ರ ಜನವರಿಯಿಂದ ಸಾರ್ವಜನಿಕ ಸ್ವತ್ತು. ಹಳತಾಗಿದೆ ಅಂದ ಮಾತ್ರಕ್ಕೆ ಎಲ್ಲವೂ ಹಾಗಲ್ಲ. ಡಿಸ್ಕ್ ನಿಮ್ಮದಾದರೂ ಟಿಕೆಟ್ ಇಟ್ಟು ತೋರಿಸುವ ಹಕ್ಕು ಅದರ ಜೊತೆ ಬರುವುದಿಲ್ಲ.

7. ಇಡುವ ಜಾಗ

ಬೆಂಗಳೂರು, ಮೈಸೂರಿನವರು ಪುಣ್ಯವಂತರು. ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ಶತ್ರು. ಫಿಲಂ, ವಿಎಚ್‌ಎಸ್ ಟೇಪು, ಕಾಗದ ಮೂರಕ್ಕೂ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗದ ಕಬ್ಬಿಣದ ಬೀರು ಒಳ್ಳೆಯದು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಶೇಕಡ 50ರ ಒಳಗೆ ಇರಲಿ. ಅಟ್ಟದಲ್ಲಿ, ಶೀಟಿನ ಕೆಳಗೆ ಫಿಲಂ ಬೇಡ, ಬೇಸಿಗೆಯ ಕಾವಿಗೆ ಬೇಗ ಹಾಳಾಗುತ್ತದೆ. ಡಿಸ್ಕ್ ನಿಲ್ಲಿಸಿ ಇಡಿ, ಫಿಲಂ ಡಬ್ಬಿ ಮಲಗಿಸಿ ಇಡಿ. ಬಟ್ಟೆಗೆ ಹಾಕುವ ನುಸಿಗುಳಿಗೆ ಇಲ್ಲಿಗೆ ಬೇಡ.

8. ಪಟ್ಟಿ ಬರೆದಿಡಿ

ಹೆಸರು, ವರ್ಷ, ನಿರ್ದೇಶಕ, ಯಾವ ಪ್ರತಿ, ಅವಧಿ, ಕೊಂಡ ಬೆಲೆ. ಜೊತೆಗೊಂದು ಅಂಕಣ ಹೆಚ್ಚಿಗೆ ಇರಲಿ: ಚಿತ್ರದಲ್ಲಿ ನಿಜವಾಗಿ ಹಾರಿದ ವಿಮಾನಗಳು. 'ಬ್ಯಾಟಲ್ ಆಫ್ ಬ್ರಿಟನ್'ನ ಜರ್ಮನ್ ಬಾಂಬರ್‌ಗಳು ಅಸಲಿಗೆ ಸ್ಪೇನ್‌ನಲ್ಲಿ ಕಟ್ಟಿದ ಹೈಂಕೆಲ್‌ಗಳು, 'ಹೆಲ್ಸ್ ಏಂಜೆಲ್ಸ್'ನ ಜರ್ಮನ್ ಬಾಂಬರ್ ವೇಷ ಹಾಕಿದ ಸಿಕೋರ್ಸ್ಕಿ ಕಂಪನಿಯ ವಿಮಾನ. ಈ ಅಂಕಣ ತುಂಬುತ್ತಾ ಹೋದಂತೆ ಮುಂದೆ ಯಾವ ಚಿತ್ರ ಹುಡುಕಬೇಕು ಅಂತ ನಿಮಗೇ ಹೊಳೆಯುತ್ತದೆ. ಪಟ್ಟಿಯ ಒಂದು ಪ್ರತಿ ಫೋನಿನಲ್ಲಿರಲಿ, ದುಡ್ಡು ಕೊಡುವ ಮುಂಚೆ ತೆರೆದು ನೋಡಿ. ಮನೆಯಲ್ಲಿರುವುದನ್ನೇ ಎರಡನೇ ಸಲ ಕೊಂಡು ತಂದವರು ಈ ಹವ್ಯಾಸದಲ್ಲಿ ಕಡಿಮೆಯೇನಿಲ್ಲ.